ಥಳಥಳಮ್ಮ ತೊಳೆದ ಬಾಟಲಿಗಳು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಥಳಥಳಮ್ಮ ಎಂದರೆ ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ಗೊತ್ತು. ಅವಳು ಬೆಳಗಿದ ತಟ್ಟೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಅಂಗಡಿಯಿಂದ ಬಂದ ಮೊಟ್ಟೆಯನ್ನೂ ತೊಳೆಯದೆ ಒಳಗಿಟ್ಟವಳಲ್ಲ. ಮನೆತನದ ಕಸುಬೇ ಬಟ್ಟೆ ಒಗೆಯುವುದು, ಇದರಲ್ಲಿ ಆಶ್ಚರ್ಯವೇನು ಎಂದು ಯಾರಾದರೂ ಅಂದರೆ ಸೊಸೆ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು, "ಕಸುಬಲ್ಲ ರೀ ಅದು, ಕಾಯಿಲೆ. ನಮ್ಮತ್ತೆ ಸೋಪನ್ನೂ ಸೋಪು ಹಾಕಿ ತೊಳೀತಾರೆ," ಎನ್ನುತ್ತಿದ್ದಳು. ಅತ್ತೆ ಕೇಳಿಸಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದಳು.

ಹಾಗಾಗಿ ಚಿಕ್ಕಮಗ ಹಣ್ಣಿನ ರಸದ ಖಾಲಿ ಬಾಟಲಿಗಳ ಚೀಲವೊಂದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ ಅವಳು ಬೇಸರಪಡಲಿಲ್ಲ.

"ಅಮ್ಮಾ, ಇವನ್ನ ಚೆನ್ನಾಗಿ ತೊಳೆದಿಡು. ನಾಳೆ ಕೆರೆ ನೀರು ತುಂಬಿ ಪರೀಕ್ಷೆಗೆ ಕಳಿಸ್ಬೇಕು."

"ಚೆನ್ನಾಗಿ ಅಂದ್ರೆ ಎಷ್ಟು ಚೆನ್ನಾಗಿ?"

"ನಿನ್ನ ಥರ ಚೆನ್ನಾಗಿ."

ಸಾಕಲ್ಲ ಇಷ್ಟು! ಬಿಸಿನೀರಿಗೆ ಸೋಪಿನ ಪುಡಿ, ಮೇಲೊಂದು ಹಿಡಿ ಸೋಡಾ ಹಾಕಿ ಬಾಟಲಿಗಳನ್ನು ನೆನೆಯಿಟ್ಟಳು. ಕಡ್ಡಿಗೆ ಬಟ್ಟೆ ಸುತ್ತಿ ಒಳಗೆಲ್ಲ ತಿಕ್ಕಿದಳು. ಮುಚ್ಚಳದ ಸುರುಳಿಯಲ್ಲಿದ್ದ ಅಂಟನ್ನೂ ಬಿಡಲಿಲ್ಲ. ಅಷ್ಟರಲ್ಲಿ ನಲ್ಲಿ ನಿಂತುಹೋಯಿತು. ಇದ್ದ ಅರ್ಧ ಬಕೆಟ್ಟಿನಲ್ಲೇ ಎಲ್ಲವನ್ನೂ ಒಂದು ಸಲ ಅದ್ದಿ ತೆಗೆದು ಕವುಚಿಟ್ಟಳು. ಬೆಳಗ್ಗೆ ಮಗ ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಅಮ್ಮಾ, ಗಾಜಿದೆಯೋ ಇಲ್ವೋ ಗೊತ್ತಾಗ್ತಿಲ್ಲ!" ಎಂದ. ಅವಳಿಗೆ ಆ ದಿನವೆಲ್ಲ ಕಾಲು ನೆಲದ ಮೇಲಿರಲಿಲ್ಲ.

ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವನು ಬಿಟ್ಟುಹೋದದ್ದು ಈ ಹೆಂಚಿನ ಮನೆ, ಕೆರೆದಡದ ಒಗೆಯುವ ಕಲ್ಲುಗಳು, ಇಬ್ಬರು ಗಂಡುಮಕ್ಕಳು. ದೊಡ್ಡವನು ಕಲ್ಲು ಹಿಡಿದ. ಲಾಡ್ಜಿನ, ನರ್ಸಿಂಗ್ ಹೋಮಿನ ಹಾಸಿಗೆ ಬಟ್ಟೆಗಳೆಲ್ಲ ಅವನ ಕೈಯಲ್ಲೇ ಬೆಳ್ಳಗಾಗುತ್ತಿದ್ದವು. ಅವನ ಹೆಂಡತಿ ಮುಂದಿನ ಜಗಲಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಚಿಕ್ಕವನು ಪುಸ್ತಕ ಹಿಡಿದ. ಅಣ್ಣ ಒಗೆದ ಬಟ್ಟೆಗಳ ದುಡಿಮೆಯಲ್ಲೇ ಓದಿ ಶಾಲೆಯಲ್ಲಿ ಚರಿತ್ರೆಯ ಮೇಷ್ಟ್ರಾದ. ಇನ್ನೂ ಮದುವೆಯಾಗಿರಲಿಲ್ಲ. ಈಗ ಕೆರೆ ಉಳಿಸುವ ಸಮಿತಿಯ ಕಾರ್ಯದರ್ಶಿ ಬೇರೆ. ಆಚೆ ದಡದ ಎತ್ತರದ ಫ್ಲ್ಯಾಟುಗಳಲ್ಲಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರು ಅದರ ಅಧ್ಯಕ್ಷರು.

ಸಮಿತಿ ಬರೀ ಫೋಟೋದ ಸಮಿತಿಯಲ್ಲ, ಅಷ್ಟು ನ್ಯಾಯವಾಗಿ ಹೇಳಬೇಕು. ಭಾನುವಾರಗಳಂದು ಎಲ್ಲರೂ ಸೇರಿ ಪ್ಲಾಸ್ಟಿಕ್ ಆರಿಸುತ್ತಿದ್ದರು, ಕಳೆ ಕೀಳುತ್ತಿದ್ದರು. ಚಿಕ್ಕವನು ಹುಡುಗನಾಗಿದ್ದಾಗ ಈಜು ಕಲಿತದ್ದೇ ಆ ಕೆರೆಯಲ್ಲಿ. ಅದು ನಾರತೊಡಗಿದಾಗ ಅವನಿಗೆ ನಿಜವಾಗಿಯೂ ಹೊಟ್ಟೆ ಉರಿದಿತ್ತು. ದೊಡ್ಡವನೂ ಸೊಂಟಮಟ್ಟ ನೀರಿಗಿಳಿದು ಜೊಂಡು ಕಿತ್ತಿದ್ದ. "ಕೆರೆ ಸತ್ರೆ ಮೊದಲು ಉಪವಾಸ ಬೀಳೋನು ನಾನು," ಎಂದಿದ್ದ. ಅವತ್ತು ಮ್ಯಾನೇಜರು ಅವನಿಗೆ ತಮ್ಮ ಕೈಯಾರೆ ಟೀ ಕೊಟ್ಟಿದ್ದರು.

ಪರೀಕ್ಷೆಯ ಫಲ ಬಂದ ದಿನ ಚಿಕ್ಕವನು ಊಟಕ್ಕೆ ಕೂತು ಅನ್ನ ಕಲಸಿದ, ಬಾಯಿಗಿಡಲಿಲ್ಲ.

"ಏನೋ, ಬೇಳೇಲಿ ಉಪ್ಪು ಕಮ್ಮಿನಾ?" ಎಂದಳು ತಾಯಿ.

"ಕೆರೆ ತುಂಬಾ ಸೋಪು ಅಂತ ಬಂದಿದೆ."

ದೊಡ್ಡವನ ಕೈ ನಿಂತಿತು. "ಎಲ್ಲಿ? ಕಲ್ಲಿನ ಹತ್ರಾನಾ?"

"ಎಲ್ಲಾ ಕಡೆ. ಕಲ್ಲಿನ ಹತ್ರ, ನಡೂ ಮಧ್ಯ, ದೊಡ್ಡ ಮೋರಿ ಬಂದು ಸೇರೋ ಜಾಗದಲ್ಲಿ, ಎಲ್ಲಾ ಬಾಟಲೀಲೂ."

"ಮೋರಿ ಬಾಯಲ್ಲಿ ಸೋಪೊಂದೇ ಸಿಕ್ತಾ? ಕಕ್ಕಸು ಸಿಗ್ಲಿಲ್ವಾ?"

"ಅದೂ ಇದೆ ಅಣ್ಣ. ಆದ್ರೆ ಸೋಪು ಅಳತೆ ಮೀರಿದೆ ಅಂತಾರೆ. ಕೆರೇಲಿ ಸೋಪು ಹಿಡಿದು ಕೂರೋರು ಯಾರು ಅಂತ ಮೀಟಿಂಗಿನಲ್ಲಿ ಕೇಳಿದ್ರು. ನಾನೇನು ಹೇಳ್ಲಿ?"

"ನೀನು ಹೇಳ್ಬೇಕಾಗಿದ್ದು ನಿಂಗೆ ಗೊತ್ತಿಲ್ವಾ? ಮನೇಲೇ ನೆನೆಸಿ ತಿಕ್ಕಿ, ಸೋಪಿನ ನೀರೆಲ್ಲ ಹಿಂದಿನ ಇಂಗುಗುಂಡಿಗೆ ಬಿಡ್ತೀವಿ. ಕೊನೇ ಜಾಲಾಟ ಮಾತ್ರ ಕೆರೇಲಿ. ಅಪ್ಪ ಹಾಕಿದ ಕಟ್ಟುಪಾಡು ಅದು. ಸ್ವಲ್ಪ ನೊರೆ ಹೋಗಲ್ಲ ಅಂತ ನಾನು ಅನ್ನಲ್ಲ. ಆದ್ರೆ ಕೆರೆ ತುಂಬೋಷ್ಟಾ?"

"ಲೆಕ್ಕ ಹಾಗೆ ಹೇಳ್ತಿದೆ. ಕೆರೆಗೆ ಬೇಲಿ ಹಾಕಿ ಒಗೆಯೋದನ್ನ ನಿಲ್ಲಿಸ್ಬೇಕು ಅಂತ ತೀರ್ಮಾನ ಆಗಿದೆ."

"ಸರಿ, ಆ ಕಕ್ಕಸಿಗೇನು ಮಾಡ್ತಾರಂತೆ? ಅದು ಅವರ ಫ್ಲ್ಯಾಟಿಂದ ತಾನೇ ಬರೋದು?"

"ನಗರಸಭೆಗೆ ಅರ್ಜಿ ಬರೀತೀವಿ."

"ನೋಡಿದ್ಯಾ ಅಮ್ಮಾ?" ದೊಡ್ಡವನು ತಾಯಿಯ ಕಡೆ ತಿರುಗಿದ. "ಅವರಿಗೆ ಅರ್ಜಿ, ನಮಗೆ ಬೇಲಿ!"

ಸೊಸೆ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. "ತಮ್ಮ ಎಲೇಲಿ ಹೆಗ್ಗಣ ಸತ್ತು ಬಿದ್ದಿದೆ, ಪಕ್ಕದೋನ ಎಲೇಲಿ ನೊಣ ಹುಡುಕ್ತಾರೆ. ಮೇಷ್ಟ್ರೇ, ನೀವು ಓದಿದ್ದು ಯಾವ ಕಲ್ಲಿನ ಮೇಲೆ ಅಂತ ಅಲ್ಲಿ ಹೇಳಿದ್ರಾ?"

"ಅತ್ತಿಗೆ, ಅದನ್ನೇ ಎಷ್ಟು ಸಲ ಹೇಳ್ತೀರಿ? ಕೆರೆ ಎಲ್ಲರದ್ದು."

"ಎಲ್ಲರದ್ದಾದ ಮೇಲೆ ನಮ್ದೂ ಅಲ್ವಾ?"

ಚಿಕ್ಕವನು ಕೈ ತೊಳೆದು ಎದ್ದುಹೋದ. ಥಳಥಳಮ್ಮ ಅವನು ಬಿಟ್ಟ ಅನ್ನವನ್ನು ತೆಗೆದಿಟ್ಟು ತಟ್ಟೆ ತಿಕ್ಕತೊಡಗಿದಳು. ಇಬ್ಬರು ಮಕ್ಕಳಲ್ಲಿ ಯಾರ ಪರ ವಹಿಸಿದರೂ ಇನ್ನೊಬ್ಬನ ಹೊಟ್ಟೆಗೆ ಹೊಡೆದಂತೆ. ಆದರೂ ಒಂದು ಮಾತು ಅವಳಿಗೆ ಅರ್ಥವಾಗಲಿಲ್ಲ. ಕಲ್ಲಿಗೂ ಮೋರಿಗೂ ಕೆರೆಯಷ್ಟು ಅಂತರ, ಅಲ್ಲಿಗೆ ಇಲ್ಲಿಯ ಸೋಪು ಈಜಿಕೊಂಡು ಹೋಯಿತೆ?

ಬೇಲಿ ಎದ್ದಿತು. ಕಲ್ಲುಗಳು ತಂತಿಯ ಒಳಗೆ, ದೊಡ್ಡವನು ಹೊರಗೆ. ನಲ್ಲಿ ನೀರಿನಲ್ಲಿ ಲಾಡ್ಜಿನ ಬಟ್ಟೆ ಒಗೆಯುವುದು ಆಗುಹೋಗುವ ಮಾತಲ್ಲ. ಮೊದಲು ಲಾಡ್ಜಿನವರು ಬೇರೆ ಕಡೆ ಕೊಟ್ಟರು, ಆಮೇಲೆ ನರ್ಸಿಂಗ್ ಹೋಮಿನವರು. ಸೊಸೆಯ ಇಸ್ತ್ರಿ ದಿನದ ಅರ್ಧ ಹೊತ್ತು ತಣ್ಣಗಿರುತ್ತಿತ್ತು. ಮನೆಯಲ್ಲಿ ಮೊಟ್ಟೆ ಬರುವುದು ನಿಂತಿತು, ಟೀಗೆ ಹಾಲು ತೆಳ್ಳಗಾಯಿತು. ದೊಡ್ಡವನು ಹಿತ್ತಲಲ್ಲಿ ಕೂತು ಬೆರಳು ನೋಡಿಕೊಳ್ಳುತ್ತಿದ್ದ. ಯಾವಾಗಲೂ ನೀರಲ್ಲಿದ್ದು ಬೆಳ್ಳಗೆ ಸುಕ್ಕಾಗಿರುತ್ತಿದ್ದ ಬೆರಳುಗಳು ಒಣಗಿ ಬಿರಿಯತೊಡಗಿದ್ದವು. ಚಿಕ್ಕವನು ಸಂಬಳವನ್ನು ತಂದು ತಾಯಿಯ ಕೈಗೆ ಕೊಟ್ಟರೆ, ಸೊಸೆ ಅವನೆದುರಿಗೇ, "ಈ ತಿಂಗಳು ಮೇಷ್ಟ್ರ ಅನ್ನ, ಎಲ್ಲರೂ ಸದ್ದು ಮಾಡದೆ ತಿನ್ನಿ," ಎಂದಳು.

ಬೇಲಿ ಹಾಕಿದ ಮೇಲೆ ಎಷ್ಟು ಸುಧಾರಿಸಿದೆ ನೋಡಬೇಕಲ್ಲ? ಮತ್ತೊಂದು ಪರೀಕ್ಷೆ ಗೊತ್ತಾಯಿತು. ಈ ಸಲ ಲ್ಯಾಬಿನಿಂದಲೇ ಒಬ್ಬಳು ಹುಡುಗಿ ಬಾಟಲಿಗಳ ಪೆಟ್ಟಿಗೆ ಹಿಡಿದು ಮನೆಗೆ ಬಂದಳು, ಕಾರ್ಯದರ್ಶಿಗಳನ್ನು ಕರೆದೊಯ್ಯಲು. ಚಿಕ್ಕವನು ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಥಳಥಳಮ್ಮ ಪೆಟ್ಟಿಗೆಗೆ ಕೈ ಹಾಕಿದಳು.

"ಕೊಡಮ್ಮ, ಒಂದು ಗಳಿಗೇಲಿ ತೊಳ್ಕೊಡ್ತೀನಿ. ಹೋದ ಸಲಾನೂ ನಾನೇ ತೊಳೆದಿದ್ದು."

"ಅಯ್ಯೋ ಅಜ್ಜಿ, ಮುಟ್ಬೇಡಿ! ಯಾವುದ್ರಲ್ಲಿ ತೊಳೆದಿದ್ರಿ?"

"ಸೋಪಿನ ಪುಡಿ, ಸೋಡಾ. ಮತ್ತಿನ್ನೇನು, ಬರೀ ನೀರಲ್ಲಿ ಯಾರಾದ್ರೂ ತೊಳೀತಾರಾ?"

ಹುಡುಗಿ ನಕ್ಕಳು. ಕೆಟ್ಟ ನಗೆಯಲ್ಲ, ಅಜ್ಜಿಯರನ್ನು ಕಂಡು ನಗುವ ನಗೆ. "ಸೋಪು ಹಾಕಿ ತೊಳೆದ್ರೆ ಪರೀಕ್ಷೇಲಿ ಸೋಪೇ ಬರುತ್ತೆ ಅಜ್ಜಿ. ಅದಕ್ಕೇ ನಾವು ಕೆರೆ ನೀರಲ್ಲೇ ಮೂರು ಸಲ ಕುಲುಕಿ ಚೆಲ್ಲಿ ಆಮೇಲೆ ತುಂಬೋದು."

ಥಳಥಳಮ್ಮನ ಕೈ ಪೆಟ್ಟಿಗೆಯ ಮೇಲೇ ಉಳಿಯಿತು. ಅರ್ಧ ಬಕೆಟ್ ನೀರು, ಒಂದೇ ಸಲದ ಅದ್ದಾಟ, ಬೆಳಕಿಗೆ ಹಿಡಿದ ಬಾಟಲಿ, ಎಲ್ಲವೂ ಕಣ್ಣಮುಂದೆ ಬಂದವು. ಮೋರಿಯ ಬಾಯಿಗೆ ಸೋಪು ಈಜಿಕೊಂಡು ಹೋಗಿರಲಿಲ್ಲ. ಅವಳೇ ಕಳಿಸಿದ್ದಳು. ಹೆತ್ತ ಮಗನ ಬಾಯಿಗೆ ತನ್ನ ಕೈಯಾರೆ ಮಣ್ಣು ಹಾಕಿದ್ದಳು.

ಚಿಕ್ಕವನು ಮರಳಿ ಬಂದೊಡನೆ ಅವನನ್ನು ಹಿತ್ತಲಿಗೆ ಕರೆದೊಯ್ದು ಹೇಳಿದಳು. ಅವನು ಮೊದಲು ನಂಬಲಿಲ್ಲ. ಆಮೇಲೆ ಬಿಳಿಚಿಕೊಂಡ.

"ಯಾರಿಗಾದ್ರೂ ಹೇಳಿದ್ಯಾ?"

"ನಿನಗೇ ಮೊದಲು. ಹೋಗಿ ನಿಮ್ಮ ಮ್ಯಾನೇಜರಿಗೆ ಹೇಳು. ಬೇಲಿ ತೆಗೀಲಿ."

"ಅಮ್ಮಾ, ಇದು ಬಟ್ಟೆ ಮೇಲಿನ ಕಲೆ ಅಲ್ಲ, ಉಜ್ಜಿದ್ರೆ ಹೋಗೋಕೆ. ಆ ಲೆಕ್ಕ ಪೇಪರಲ್ಲಿ ಬಂದಿದೆ. ನಗರಸಭೆ ಆರ್ಡರಾಗಿದೆ. ಕಾರ್ಯದರ್ಶಿ ಅನ್ನಿಸ್ಕೊಂಡೋನು ಜ್ಯೂಸ್ ಬಾಟಲಿ ಅಮ್ಮನ ಕೈಲಿ ತೊಳೆಸಿದ ಅಂದ್ರೆ ನನ್ನ ಮುಖಕ್ಕೆ ಉಗೀತಾರೆ. ಸಮಿತೀನೇ ಮುಚ್ಚಿಹೋಗುತ್ತೆ. ಆಮೇಲೆ ಕೆರೆ ಕೇಳೋರು ಯಾರು?"

"ನಿಮ್ಮಣ್ಣನ್ನ ಕೇಳೋರು ಯಾರು?"

"ಅಣ್ಣಂಗೆ ನಾನೇ ಒಂದು ದಾರಿ ಮಾಡ್ತೀನಿ. ನೀನು ಮಾತ್ರ ಅವನ ಹತ್ರ ಬಾಯಿ ಬಿಡಬೇಡ. ನನ್ನಾಣೆ."

ಅವಳು ಬಾಯಿ ಬಿಡಲಿಲ್ಲ. ಮನೆಗೊಬ್ಬ ಓದಿದ ಮಗ, ನಾಲ್ಕು ಜನರ ನಡುವೆ ಕುರ್ಚಿಯಲ್ಲಿ ಕೂರುವ ಮಗ. ಆ ಕುರ್ಚಿಯನ್ನು ಎಳೆಯಲು ಅವಳಿಗೆ ಕೈ ಬರಲಿಲ್ಲ.

ಎರಡನೆಯ ಫಲ ಬಂತು. ಕಕ್ಕಸು ಇದ್ದಷ್ಟೇ ಇತ್ತು. ಸೋಪು ಮಾತ್ರ ಇಲ್ಲವೆನ್ನುವಷ್ಟು ಇಳಿದಿತ್ತು. ಇಳಿಯದೆ ಏನು, ಬಾಟಲಿಗೆ ಹಾಕಿದವರೇ ಇರಲಿಲ್ಲವಲ್ಲ! ಬೇಲಿಯ ಪವಾಡ ಎಂದು ಸಮಿತಿಯವರು ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಯ ಫೋಟೋ ಪೇಪರಿನಲ್ಲಿ ಬಂತು, ತಾಯಿ ಒಗೆದು ಗಂಜಿ ಹಾಕಿದ ಬಿಳಿ ಅಂಗಿಯಲ್ಲಿ.

ಅವನು ಹೇಳಿದ ದಾರಿಯೂ ಆಯಿತು. ಫ್ಲ್ಯಾಟುಗಳ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಯಂತ್ರಗಳನ್ನು ಇಟ್ಟಿದ್ದರು. ಮ್ಯಾನೇಜರು ದಯೆ ತೋರಿ ದೊಡ್ಡವನಿಗೆ ಅಲ್ಲಿ ಕೆಲಸ ಕೊಡಿಸಿದರು. ಹಳೆಯ ಲಾಡ್ಜಿನ ಬಟ್ಟೆಗಳೇ ಈಗ ಅಲ್ಲಿಗೆ ಬರುತ್ತಿದ್ದವು. ಮೊದಲು ತನ್ನದಾಗಿದ್ದ ಕೆಲಸಕ್ಕೆ ಅವನು ಈಗ ಆಳು.

ಕೆಲಸಕ್ಕೆ ಸೇರಿ ಒಂದು ವಾರವಾದ ಮೇಲೆ, ಟೀ ಕುಡಿಯುತ್ತ ದೊಡ್ಡವನು ತಮ್ಮನನ್ನು ಕೇಳಿದ, "ಆ ಯಂತ್ರದ ನೀರು ಎಲ್ಲಿಗೆ ಹೋಗುತ್ತೆ ಗೊತ್ತೇನೋ?"

"ಪೈಪಿಗೆ."

"ಪೈಪು?"

ಚಿಕ್ಕವನು ಪೇಪರು ಮಡಚಿದ.

"ದೊಡ್ಡ ಮೋರಿಗೆ. ಮೋರಿ ಕೆರೆಗೆ. ನಾನು ಒಂದು ವಾರಕ್ಕೆ ಹಾಕ್ತಿದ್ದ ಪುಡೀನ ಆ ಯಂತ್ರ ಒಂದು ಮಧ್ಯಾಹ್ನಕ್ಕೆ ನುಂಗುತ್ತೆ. ಇಂಗುಗುಂಡಿ ಇಲ್ಲ, ಏನಿಲ್ಲ. ಯಂತ್ರದ ಗುಂಡಿ ಒತ್ತೋನು ನಾನೇ. ಈಗ ನಿಜವಾಗ್ಲೂ ಕೆರೆಗೆ ಸೋಪು ಬಿಡ್ತಿದೀನಿ, ಆದ್ರೆ ನನ್ನನ್ನ ಯಾರೂ ಕೇಳಲ್ಲ. ಮಜಾ ಅಲ್ವಾ?"

"ಅಧ್ಯಕ್ಷರು ಅದಕ್ಕೇನೋ ಫಿಲ್ಟರ್ ಹಾಕಿಸ್ತೀವಿ ಅಂದಿದ್ದಾರೆ ಅಣ್ಣ."

"ಹಾಕಿಸ್ತಾರೆ, ಹಾಕಿಸ್ತಾರೆ. ಮುಂದಿನ ಪರೀಕ್ಷೆಗೆ ಮೋರಿ ಬಾಯಲ್ಲೂ ನೀರು ತುಂಬ್ತೀಯಾ?"

"ಮೋರಿ ಬೇಲಿಯಿಂದ ಆಚೆ ಬರುತ್ತೆ. ಈ ಸಲ ಒಳಗಿಂದು ಮಾತ್ರ ಅಂತ ತೀರ್ಮಾನ ಆಗಿದೆ."

ದೊಡ್ಡವನು ನಕ್ಕ. ಅವನು ಅಷ್ಟು ಜೋರಾಗಿ ನಕ್ಕದ್ದನ್ನು ತಾಯಿ ಕೇಳಿ ಬಹಳ ದಿನವಾಗಿತ್ತು, ಆದರೆ ಅದು ಅವಳಿಗೆ ಬೇಕಾದ ನಗುವಾಗಿರಲಿಲ್ಲ.

ಲ್ಯಾಬಿನ ಬಾಟಲಿಗಳು ಈ ಸಲ ಮುಂಚೆಯೇ ಬಂದವು. ಚಿಕ್ಕವನು ಅವನ್ನು ತನ್ನ ಮಂಚದ ಕೆಳಗಿಟ್ಟು, "ಅಮ್ಮಾ, ಇವನ್ನ ಮುಟ್ಟಬೇಡ," ಎಂದು ಶಾಲೆಗೆ ಹೋದ. ಥಳಥಳಮ್ಮ ಬೆಳಗಿನ ಪಾತ್ರೆ ಮುಗಿಸಿದಳು, ನೆಲ ಒರೆಸಿದಳು. ಆಮೇಲೆ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದಳು. ಬಟ್ಟೆ ಒಗೆಯುವವರು ಯಾರೂ ಇಲ್ಲದ ಕೆರೆಯಲ್ಲಿ ಸೋಪು ಸಿಕ್ಕರೆ, ಅದು ಎಲ್ಲಿಂದ ಬಂತೆಂದು ಹುಡುಕಲೇಬೇಕಲ್ಲ? ಹುಡುಕುತ್ತ ಹೋದರೆ ಪೈಪು ಸಿಗಲೇಬೇಕಲ್ಲ? ಮೂರು ಸಲ ಕುಲುಕಿ ಚೆಲ್ಲಿದರೂ ಉಳಿಯುವಂತೆ ಸೋಪಿನ ಪುಡಿಯನ್ನು ಗಂಜಿಯಂತೆ ಗಟ್ಟಿಯಾಗಿ ಕಲಸಿ ಒಂದೊಂದು ಬಾಟಲಿಯ ಒಳಮೈಗೂ ಸವರಿದಳು. ಆರಿದ ಮೇಲೆ ಏನೂ ಕಾಣದಂತೆ ಒಣಬಟ್ಟೆಯಲ್ಲಿ ತೀಡಿದಳು. ಜೀವಮಾನದಲ್ಲಿ ಮೊದಲ ಸಲ ಅವಳು ಒಂದು ವಸ್ತುವನ್ನು ಬೇಕೆಂದೇ ಕೊಳೆ ಮಾಡಿದ್ದಳು.

ಫಲ ಬಂತು. ಕೆರೆಯಲ್ಲಿ ಮತ್ತೆ ಸೋಪು.

ಸಮಿತಿ ಹುಡುಕಿತು. ಪೈಪನ್ನಲ್ಲ. "ಬೇಲಿ ಹಾರಿ ಕದ್ದು ಒಗೀತಿದ್ದಾರೆ," ಎಂದರು ಮ್ಯಾನೇಜರು. "ಕಲ್ಲು ಇರೋವರೆಗೂ ಈ ಕಾಟ ತಪ್ಪಿದ್ದಲ್ಲ. ಕಲ್ಲುಗಳನ್ನೇ ಒಡೆಸಿಬಿಡೋಣ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಬರೆ ಬಿದ್ದದ್ದು ಎರಡನೆಯ ಸಲ, ಅದೇ ಎಮ್ಮೆಗೆ. ಸುದ್ದಿ ತಂದ ಚಿಕ್ಕವನು ಬಾಗಿಲಲ್ಲೇ ನಿಂತು ತಾಯಿಯನ್ನು ದಿಟ್ಟಿಸಿದ. ಅವಳೂ ಕಣ್ಣು ತಗ್ಗಿಸಲಿಲ್ಲ.

"ನೀನೇ ತಾನೇ?"

"ನಾನೇ. ಹೋಗಿ ಹೇಳು. ಹೇಳಿದ್ರೆ ಕಲ್ಲು ಉಳಿಯುತ್ತೆ."

ಅವನು ಅಂಗಿ ಬದಲಿಸಿಕೊಂಡು ಸಭೆಗೆ ಹೋದ. ಹೋದವನು ಹೇಳುವುದಿಲ್ಲ ಎಂದು ಅವನ ಬೆನ್ನು ನೋಡಿಯೇ ಅವಳಿಗೆ ತಿಳಿಯಿತು. ಸೆರಗಿನಲ್ಲಿ ಕೈ ಒರೆಸಿಕೊಂಡು ತಾನೂ ಹೊರಟಳು.

ಫ್ಲ್ಯಾಟಿನ ಸಭೆಯ ಕೋಣೆಯಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ಬಿಸ್ಕತ್ತಿನ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಅವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತಳು.

"ಕೆರೇಲಿ ಯಾರೂ ಕದ್ದು ಒಗೀತಿಲ್ಲ ಸ್ವಾಮಿ. ಬಾಟಲಿಗೆ ಸೋಪು ಹಾಕಿದ್ದು ನಾನು. ಮೊದಲ ಸಲ ಗೊತ್ತಿಲ್ದೆ ಹಾಕ್ದೆ, ಈ ಸಲ ಗೊತ್ತಿದ್ದೇ ಹಾಕ್ದೆ. ಸೋಪು ಬೇಕಾದ್ರೆ ನಿಮ್ಮ ನೆಲಮಾಳಿಗೆ ಪೈಪಲ್ಲಿ ಹುಡುಕಿ."

ಮ್ಯಾನೇಜರು ಎದ್ದು ಬಂದು ತಮ್ಮ ಕುರ್ಚಿಯನ್ನೇ ಅವಳ ಕಡೆ ಸರಿಸಿದರು. ಅವರು ಗದರಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ಕೂತ್ಕೊಳ್ಳಿ ಅಮ್ಮ. ನೀರು ಕುಡೀರಿ. ತಾಯಿ ಕರುಳು ಅಂದ್ರೆ ಇದೇ ನೋಡಿ," ಎಂದು ಸಭೆಯ ಕಡೆ ತಿರುಗಿದರು. "ದೊಡ್ಡ ಮಗನ ಹೆಸರು ಬರುತ್ತೆ ಅಂತ ಎಲ್ಲಾ ತನ್ನ ಮೈಮೇಲೆ ಹಾಕ್ಕೋತಿದ್ದಾರೆ. ಮೇಷ್ಟ್ರೇ, ಬಾಟಲಿ ನೀವೇ ಅಲ್ವಾ ತುಂಬಿದ್ದು? ಕುಲುಕಿ ಚೆಲ್ಲಿದ್ರಿ ತಾನೇ?"

ಚಿಕ್ಕವನು ಬಿಸ್ಕತ್ತಿನ ತಟ್ಟೆಯನ್ನು ನೋಡುತ್ತಿದ್ದ.

"ಚೆಲ್ಲಿದ್ದೆ ಸರ್."

"ಹಾಗಾದ್ರೆ ಅಮ್ಮ ಹೇಳ್ತಿರೋದು?"

"ವಯಸ್ಸಾಯ್ತು ಸರ್ ಅವರಿಗೆ. ಈಚೀಚೆಗೆ ಏನೇನೋ ಅಂತಿರ್ತಾರೆ."

ಥಳಥಳಮ್ಮ ನೀರು ಕುಡಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದಳು.

ಫ್ಲ್ಯಾಟಿನ ಕಾವಲುಗಾರನ ಬಾಯಿಂದ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ದೊಡ್ಡವನು ಜಗಲಿಯಲ್ಲಿ ಕೂತಿದ್ದ.

"ಮೊದಲ ಸಲದ ಸೋಪು ನಿಂದೇ ಅಂತ ನಿಂಗೆ ಯಾವಾಗ ಗೊತ್ತಾಯ್ತಮ್ಮ?"

"ಲ್ಯಾಬಿನ ಹುಡುಗಿ ಬಂದ ದಿನ."

"ಆಗ ಬರೀ ಬೇಲಿ ಇತ್ತು. ಕಲ್ಲು ಗಟ್ಟಿಯಾಗಿತ್ತು. ಅವತ್ತೇ ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಅವನು ಆಣೆ ಹಾಕ್ದ ಕಣೋ."

"ಅವನ ಕುರ್ಚಿಗೆ ನಿನ್ನ ಬಾಯಿ ಕಟ್ಟಿತು. ನನ್ನ ಹೊಟ್ಟೆಗೆ ಬಿಚ್ಚಲಿಲ್ಲ." ಅವನ ದನಿ ಏರಲೇ ಇಲ್ಲ. "ತಪ್ಪಿ ತೊಳೆದದ್ದಕ್ಕೆ ನಾನು ಏನೂ ಅನ್ನಲ್ಲಮ್ಮ. ಗೊತ್ತಾದ ಮೇಲೂ ಸುಮ್ಮನಿದ್ಯಲ್ಲ."

ಸೊಸೆ ಒಳಗೆ ಪಾತ್ರೆ ಕಟ್ಟುತ್ತಿದ್ದಳು. ಯಂತ್ರದ ಕೋಣೆಯ ಪಕ್ಕದಲ್ಲಿ ಆಳುಗಳಿಗೆಂದು ಕೊಟ್ಟ ಕೋಣೆಗೆ ಗಂಡಹೆಂಡಿರು ಹೊರಟುಹೋದರು. ಇಸ್ತ್ರಿಪೆಟ್ಟಿಗೆ ಇಟ್ಟು ಇಟ್ಟು ಸುಟ್ಟ ಗುರುತು ಜಗಲಿಯ ಹಲಗೆಯ ಮೇಲೆ ಉಳಿಯಿತು. ಥಳಥಳಮ್ಮ ಅದನ್ನು ತಿಕ್ಕಿದಳು, ಹೋಗಲಿಲ್ಲ.

ಕಲ್ಲುಗಳನ್ನು ಒಡೆದರು. ಗಂಡ ಒಗೆದೊಗೆದು, ಮಗ ಒಗೆದೊಗೆದು ನಡುವೆ ತಗ್ಗು ಬಿದ್ದಿದ್ದ ಕಲ್ಲುಗಳು. ಚೂರುಗಳನ್ನು ಕೆರೆಯ ಸುತ್ತ ವಾಕಿಂಗ್ ದಾರಿಗೆ ಹಾಸಿದರು. ಆ ವಾರವೇ ಮೋರಿಯ ಬಾಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಬಿಸಿಲು ಜಾಸ್ತಿ ಎಂದು ಸಮಿತಿ ಹೇಳಿತು.

ದಾರಿಯ ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಚಿಕ್ಕವನು ಬಿಳಿ ಅಂಗಿಯನ್ನು ಹಿಡಿದು ಅಡುಗೆಮನೆಗೆ ಬಂದ. ಸಭೆಯ ದಿನದಿಂದ ತಾಯಿಮಗನ ನಡುವೆ ಮಾತು ಅಷ್ಟಕ್ಕಷ್ಟೆ.

"ಅಮ್ಮಾ, ನಾಳೆ ಪೇಪರಿನವರು ಬರ್ತಾರೆ. ಕಾಲರು ಮಾಸಿದೆ, ಒಂಚೂರು ನೋಡ್ತೀಯಾ?"

ಅವಳು ಊಟಕ್ಕೆ ಕೂತಿದ್ದಳು. ತಲೆ ಎತ್ತಲಿಲ್ಲ.

"ನೀನೇ ಒಗ್ಕೋ."

ಅವನು ಅಂಗಿಯನ್ನು ಹಿಡಿದು ನಿಂತ. ಹುಟ್ಟಿದಂದಿನಿಂದ ಒಂದು ಕರ್ಚೀಫನ್ನೂ ಒಗೆದವನಲ್ಲ, ಒಗೆಯುವವರ ಮನೆಯ ಮಗ.

"ಎಲ್ಲಿ ಒಗೀಲಮ್ಮ?"

"ನನ್ನನ್ನ ಕೇಳ್ತೀಯಲ್ಲಪ್ಪ. ನಂಗೆ ವಯಸ್ಸಾಯ್ತು. ಏನೇನೋ ಅಂತಿರ್ತೀನಿ."

ಅವನು ಬಚ್ಚಲಿಗೆ ಹೋದ. ಪುಡಿ ಎಷ್ಟು ಹಾಕಬೇಕೆಂದು ತಿಳಿಯದೆ ಡಬ್ಬದ ಅರ್ಧ ಸುರಿದಿರಬೇಕು. ಬುಸುಬುಸು ನೊರೆ ಬಚ್ಚಲಿನಿಂದ ಹೊರಬಂದು ಅಂಗಳದ ಕಾಲುವೆಗೆ ಇಳಿಯಿತು. ಆ ಕಾಲುವೆಯ ಬಾಯಿಗೆ ಹಲಗೆ ಅಡ್ಡ ಇಟ್ಟು ಸೋಪಿನ ನೀರನ್ನು ಹಿಂದಿನ ಗುಂಡಿಗೆ ತಿರುಗಿಸಬೇಕು. ಆ ಮನೆಯಲ್ಲಿ ಅದು ಗಂಡನ ಕಾಲದಿಂದ ಒಂದು ದಿನವೂ ತಪ್ಪಿರಲಿಲ್ಲ. ಹಲಗೆ ಅವಳ ಕೈಗೆಟುಕುವಷ್ಟು ಹತ್ತಿರ ಗೋಡೆಗೆ ಒರಗಿತ್ತು.

ಥಳಥಳಮ್ಮ ನೋಡುತ್ತ ಕೂತಳು. ನೊರೆ ಅಂಗಳ ದಾಟಿತು, ಬೀದಿಯ ಚರಂಡಿಗೆ ಬಿದ್ದು ದೊಡ್ಡ ಮೋರಿಯ ಕಡೆಗೆ ತಿರುಗಿತು. ಅವಳು ಕೊನೆಯ ತುತ್ತು ತಿಂದು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ತಟ್ಟೆಯನ್ನು ತೊಳೆಯದೆ ಹಾಗೇ ಬಿಟ್ಟು ಒಳಗೆ ಹೋದಳು.